ಅರಿಶಿಣ ಹಚ್ರಿ, ಸಾಕು

ಹೋದ ಭಾನುವಾರ ಬೆಳಿಗ್ಗೆ ಚಹಾ ಕುಡೀತಾ ಮೊಬೈಲ್ ತೆಗೆದರೆ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜು. ಮೇಲೆ ಅರಿಶಿಣ ಕೊಂಬಿನ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ಬರಹ. ಅರಿಶಿಣದ ಸಾರ ಎಲ್ಲಾ ಬಗೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದಂತೆ, ವಿಜ್ಞಾನಿಗಳು ಕೊನೆಗೂ ಒಪ್ಪಿಕೊಂಡರಂತೆ, ಇನ್ನು ಮೇಲೆ ಆ್ಯಂಟಿಬಯೋಟಿಕ್ ಬೇಡವಂತೆ, ಹತ್ತು ಜನಕ್ಕೆ ಕಳಿಸಬೇಕಂತೆ. ನಾನು ನೋಡುವ ಹೊತ್ತಿಗಾಗಲೇ ಹದಿನಾಲ್ಕು ಜನ ಕೈಮುಗಿದಾಗಿತ್ತು!

ಇಂಥವು ದಿನಕ್ಕೆ ನಾಲ್ಕು ಬರುತ್ತವೆ. ನಾನು ಓದದೇ ಮುಂದೆ ಹೋಗುವವನು. ಆದರೆ ಇದನ್ನು ಕಳಿಸಿದವರು ನಮ್ಮ ಕಾಕಾ. ಅವರ ಎಡಗಾಲಿನಲ್ಲಿ ಈಗ ಇರುವುದು ಮೂರೇ ಬೆರಳು. ಉಳಿದ ಎರಡು ಹೋದದ್ದರಲ್ಲಿ ಅರಿಶಿಣದ ಪಾಲೂ ಇದೆ, ನನ್ನ ಪಾಲೂ ಇದೆ. ಇದನ್ನು ಇಷ್ಟು ವರ್ಷ ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ. ಇವತ್ತು ಹೇಳಬೇಕು ಅನ್ನಿಸಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ವಿಜ್ಞಾನಿ ಅಂತೂ ಅಲ್ಲವೇ ಅಲ್ಲ. ಹಾವೇರಿ ಕಡೆಯ ಹಳ್ಳಿಯವನು, ಬಿಕಾಂ ಮುಗಿಸಿ, ಬ್ಯಾಂಕಿನ ಪರೀಕ್ಷೆ ಪಾಸಾಗಿ 1993ರಲ್ಲಿ ಮುಂಬಯಿಗೆ ಬಂದು ಬಿದ್ದವನು. ಈಗ ಡೊಂಬಿವಲಿಯಲ್ಲಿ ಸ್ವಂತ ಮನೆ. ಮಕ್ಕಳಿಗೆ ಕನ್ನಡಕ್ಕಿಂತ ಮರಾಠಿಯೇ ಸಲೀಸು. ಡೆಬಿಟ್ಟು, ಕ್ರೆಡಿಟ್ಟು ಬಿಟ್ಟರೆ ನನಗೆ ಬೇರೆ ವಿದ್ಯೆ ಬರುವುದಿಲ್ಲ. ಆದರೂ ಅರಿಶಿಣವನ್ನು ಮಾತ್ರ ನಾನು ಅಡುಗೆಮನೆಯ ಹೊರಗೂ ಚೆನ್ನಾಗಿ ನೋಡಿದ್ದೇನೆ. ಯಾಕೆಂದರೆ ಬ್ಯಾಂಕಿನವರು ನನ್ನನ್ನು ಮೂರು ವರ್ಷ ಸಾಂಗ್ಲಿಗೆ ಹಾಕಿದ್ದರು.

ಸಾಂಗ್ಲಿ ಅಂದರೆ ಅರಿಶಿಣದ ಪೇಟೆ. ಊರಿಗೆ ಊರೇ ಹಳದಿ. ಪಕ್ಕದ ಹರಿಪುರದಲ್ಲಿ, ಕೃಷ್ಣೆ ಮತ್ತು ವಾರಣೆ ಕೂಡುವ ಕಡೆ, ಅರಿಶಿಣ ಇಡುವುದಕ್ಕೆ ನೆಲದೊಳಗೆ ತೋಡಿದ ‘ಪೇವ’ಗಳಿದ್ದವು. ನಮ್ಮ ಕಡೆ ಜೋಳ ಹಾಕುವ ಹಗೇವು ಇರುತ್ತಿತ್ತಲ್ಲ, ಅದೇ. ನಾನು ಮೊದಲ ಸಲ ನೋಡಿದಾಗ ಅಜ್ಜನ ಮನೆಯ ಹಗೇವು ನೆನಪಾಗಿ ಅಲ್ಲೇ ನಿಂತುಬಿಟ್ಟಿದ್ದೆ. ವ್ಯಾಪಾರಿಗಳು ಸರಕನ್ನು ಅಡ ಇಟ್ಟು ಸಾಲ ತೆಗೆಯುತ್ತಿದ್ದರು. ಮಾಲು ನೋಡಿ, ತೂಕ ನೋಡಿ, ದರ ನೋಡಿ ಮಿತಿ ಹಾಕುವುದು ನನ್ನ ಕೆಲಸ. ಕೊಂಬು ಮುರಿದರೆ ಟಕ್ಕಂತ ಸದ್ದು ಬರಬೇಕು, ಒಳಗಿನ ಬಣ್ಣ ಕೇಸರಿಗೆ ತಿರುಗಿರಬೇಕು ಅಂತೆಲ್ಲ ಕಲಿತೆ. ‘ಕರ್ಕ್ಯುಮಿನ್’ ಅನ್ನುವ ಶಬ್ದವನ್ನು ನಾನು ಕೇಳಿದ್ದು ಯಾವ ವಿಜ್ಞಾನದ ಪುಸ್ತಕದಲ್ಲೂ ಅಲ್ಲ, ಅಲ್ಲಿನ ಒಬ್ಬ ದಲಾಲನ ಬಾಯಲ್ಲಿ. ಸಾರ ತೆಗೆಯುವ ಕಂಪನಿಗಳವರು ಬಣ್ಣ ನೋಡುವುದಿಲ್ಲ ಸಾಹೇಬ, ಕರ್ಕ್ಯುಮಿನ್ ಎಷ್ಟು ಪರ್ಸೆಂಟ್ ಅಂತ ಕೇಳುತ್ತಾರೆ ಅಂದಿದ್ದ. ಅರಿಶಿಣದ ಹಳದಿ ಬಣ್ಣ ಅದರಿಂದಲೇ. ಒಣ ಅರಿಶಿಣದಲ್ಲಿ ಅದು ಇರುವುದು ಸುಮಾರು ನೂರಕ್ಕೆ ಮೂರು ಪಾಲು. ಒಳ್ಳೆಯ ತಳಿಯಾದರೆ ಐದು, ಮೇಘಾಲಯದ ಲಕಡಾಂಗ್ ಆದರೆ ಇನ್ನೂ ಹೆಚ್ಚು.

ಹೀಗಾಗಿ ಊರಲ್ಲಿ ನಮ್ಮವರಿಗೆಲ್ಲ ನಾನು ಅರಿಶಿಣದ ಬಗ್ಗೆ ‘ತಿಳಿದವನು’. ಅದೇ ಮುಳುವಾಯಿತು ನೋಡಿ.

2016ರ ಮಳೆಗಾಲ. ಕಾಕಾಗೆ ಹೊಲದಲ್ಲಿ ಜಾಲಿ ಮುಳ್ಳು ಚಪ್ಪಲಿ ದಾಟಿ ಕಾಲಿಗೆ ಚುಚ್ಚಿತ್ತು. ಅವರಿಗೆ ಆಗಲೇ ಹನ್ನೆರಡು ವರ್ಷದಿಂದ ಶುಗರ್. ಫೋನಿನಲ್ಲಿ ಬೇರೇನೋ ಮಾತಾಡುತ್ತಾ ನಡುವೆ ಕೇಳಿದರು.

“ತಮ್ಮಾ, ಕಾಲಿಗೆ ಮುಳ್ಳ ಚುಚ್ಚೇತಿ. ಸ್ವಲ್ಪ ಬಾತೈತಿ. ಏನರೆ ಹಚ್ಚಬೇಕೇನ?”

ಅದೇ ವಾರ ನಾನು ಯಾವುದೋ ಪೇಪರಿನಲ್ಲಿ ಅರಿಶಿಣ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅಂತ ಓದಿದ್ದೆ. ಸಾಂಗ್ಲಿಯ ಗತ್ತು ಬೇರೆ.

“ಅರಿಶಿಣ ಹಚ್ರಿ ಕಾಕಾ, ಸಾಕು. ಈಗ ಸೈನ್ಸಿನವರೂ ಅದನ್ನೇ ಹೇಳಾಕತ್ತಾರ.”

ಅಷ್ಟೇ ಮಾತು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಅವರ ಶುಗರಿನ ವಿಷಯ ನನಗೆ ಗೊತ್ತಿತ್ತು, ಆದರೆ ಆ ಹೊತ್ತಿಗೆ ತಲೆಗೆ ಬರಲಿಲ್ಲ.

ಕಾಕೂ ದಿನಾ ಕೊಬ್ಬರಿ ಎಣ್ಣೆಯಲ್ಲಿ ಅರಿಶಿಣ ಕಲಸಿ ಹಚ್ಚಿ ಬಟ್ಟೆ ಕಟ್ಟಿದ್ದಾರೆ. ಮೂರು ವಾರ. ಬಹಳ ವರ್ಷದ ಶುಗರಿನಿಂದ ಕಾಲಿನ ನರ ಸತ್ತವರಿಗೆ ನೋವು ತಿಳಿಯುವುದಿಲ್ಲ, ಇದು ನನಗೆ ಆಮೇಲೆ ಗೊತ್ತಾಯಿತು. ನೋವಿಲ್ಲ ಅಂದರೆ ವಾಸಿಯಾಗುತ್ತಿದೆ ಅಂತ ಅವರು ತಿಳಿದರು. ಕೊನೆಗೆ ವಾಸನೆ ಬಂದ ಮೇಲೆ ಮಗ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಡಾಕ್ಟರು ಮಾಡಿದ ಮೊದಲ ಕೆಲಸ ಅರಿಶಿಣ ತೊಳೆಸಿದ್ದು. ಆ ಹಳದಿಯ ಕೆಳಗೆ ಚರ್ಮ ಕೆಂಪಾಗಿದೆಯೋ ಕಪ್ಪಾಗಿದೆಯೋ ಕಾಣಿಸುವುದೇ ಇಲ್ಲವಲ್ಲ! ಮೂರು ವಾರ ಮನೆಯವರಿಗೂ ಕಾಣಿಸಿರಲಿಲ್ಲ. ಕೀವು ಒಳಗೆ ಎಲುಬಿನವರೆಗೂ ಇಳಿದಿತ್ತು. ಎರಡು ಬೆರಳು ತೆಗೆದರು. ಕಾಲು ಉಳಿದದ್ದೇ ಪುಣ್ಯ.

ಆ ಮೇಲೆ ನನಗೊಂದು ಹಟ ಹಿಡಿಯಿತು. ಪೇಪರಿನಲ್ಲಿ ಬಂದದ್ದು ಸುಳ್ಳೇ? ಸುಳ್ಳಾದರೆ ಯಾಕೆ ಬರೆದರು? ನಿಜವಾದರೆ ಕಾಕಾನ ಬೆರಳು ಯಾಕೆ ಹೋಯಿತು? ಬಿಡುವಾದಾಗಲೆಲ್ಲ ಓದಿದೆ. ಗೊತ್ತಿಲ್ಲದ್ದನ್ನು ನಮ್ಮ ಸೊಸೈಟಿಯ ಒಬ್ಬ ಮೈಕ್ರೋಬಯಾಲಜಿ ಮೇಡಂ ಹತ್ತಿರ ಕೇಳಿದೆ. ನನಗೆ ತಿಳಿದಷ್ಟನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ.

ಪೇಪರಿನಲ್ಲಿ ಬಂದದ್ದು ಸುಳ್ಳಲ್ಲ. ಇದು ಮೊದಲು ತಿಳಿಯಬೇಕಾದ್ದು. ಕರ್ಕ್ಯುಮಿನ್ ಬ್ಯಾಕ್ಟೀರಿಯಾ ವಿರುದ್ಧ ಕೆಲಸ ಮಾಡುತ್ತದೆ ಅಂತ 1949ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬಂದಿತ್ತು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನವರು 1999ರಲ್ಲಿ ಇನ್ನೂ ಚೆಂದದ ಕೆಲಸ ಮಾಡಿದರು. ಅರಿಶಿಣದಿಂದ ಕರ್ಕ್ಯುಮಿನ್ ತೆಗೆದ ಮೇಲೆ ಕಾರ್ಖಾನೆಯಲ್ಲಿ ಒಂದು ದ್ರವ ಉಳಿಯುತ್ತದೆ. ಅದರಿಂದ ಎಣ್ಣೆ ತೆಗೆದು, ಆ ಎಣ್ಣೆಯನ್ನು ಬೇರೆಬೇರೆ ಪಾಲು ಮಾಡಿ, ಒಂದೊಂದನ್ನೂ ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷೆ ಮಾಡಿದರು. ಟರ್ಮೆರೋನ್ ಜಾತಿಯ ರಾಸಾಯನಿಕಗಳು ಹೆಚ್ಚಿದ್ದ ಪಾಲು ಚೆನ್ನಾಗಿ ಕೆಲಸ ಮಾಡಿತು. ಅಂದರೆ ಅರಿಶಿಣದ ಶಕ್ತಿ ಬರೀ ಹಳದಿಯಲ್ಲಿಲ್ಲ, ಆ ಘಮದಲ್ಲೂ ಇದೆ ಅಂತಾಯಿತು. ಇನ್ನು ನಮ್ಮ ಪೊವಾಯಿಯ ಐಐಟಿಯವರು 2008ರಲ್ಲಿ, ಕರ್ಕ್ಯುಮಿನ್ ಬ್ಯಾಕ್ಟೀರಿಯಾವನ್ನು ಹೇಗೆ ತಡೆಯುತ್ತದೆ ಅನ್ನುವುದಕ್ಕೆ ಒಂದು ದಾರಿ ತೋರಿಸಿದರು. ಒಂದು ಬ್ಯಾಕ್ಟೀರಿಯಾ ಎರಡಾಗುವಾಗ ನಡುವೆ ಉಡದಾರದ ಹಾಗೆ ಒಂದು ಪ್ರೋಟೀನಿನ ಉಂಗುರ ಕಟ್ಟಿಕೊಳ್ಳುತ್ತದಂತೆ. ಕರ್ಕ್ಯುಮಿನ್ ಆ ಉಂಗುರ ಕಟ್ಟಿಕೊಳ್ಳುವುದಕ್ಕೇ ಅಡ್ಡಿ ಮಾಡುತ್ತದೆ. ಉಂಗುರವಿಲ್ಲದೆ ಅದು ಎರಡಾಗುವುದಿಲ್ಲ, ಸಂತಾನ ನಿಂತುಹೋಗುತ್ತದೆ.

ಇದನ್ನೆಲ್ಲ ಓದುವಾಗ ಎದೆ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಬ್ಯಾಂಕಿನವನಿಗೆ ಒಂದು ಕೆಟ್ಟ ಚಾಳಿ. ಅಂಕಿ ಕಂಡರೆ ಕೂಡಿಸಿ ಕಳೆದು ನೋಡದೆ ನಿದ್ದೆ ಬರುವುದಿಲ್ಲ.

ಈ ಪರೀಕ್ಷೆ ಹೇಗೆ ನಡೆಯುತ್ತದೆ? ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ನಡುವೆ ಇಡುತ್ತಾರೆ. ಮರುದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ಬೋಳು ಜಾಗ ಕಂಡರೆ ಸಾರ ಕೆಲಸ ಮಾಡಿತು ಅಂತ ಅರ್ಥ. ಇನ್ನೊಂದು ಬಗೆಯೆಂದರೆ, ಬೆಳವಣಿಗೆ ನಿಲ್ಲಿಸಲು ಕನಿಷ್ಠ ಎಷ್ಟು ಬೇಕು ಅಂತ ಅಳೆಯುವುದು. ಹಠಮಾರಿ ಸ್ಟ್ಯಾಫಿಲೋಕಾಕಸ್ ತಳಿಗಳ ಮೇಲೆ ಹೀಗೆ ಅಳೆದ ಒಂದು ಪರೀಕ್ಷೆಯಲ್ಲಿ ಕರ್ಕ್ಯುಮಿನ್ ಮಿಲಿಲೀಟರಿಗೆ 125ರಿಂದ 250 ಮೈಕ್ರೋಗ್ರಾಂ ಬೇಕಾಯಿತು. ಡಾಕ್ಟರು ಬರೆಯುವ ಆ್ಯಂಟಿಬಯೋಟಿಕ್‌ಗಳು, ಅವುಗಳಿಗೆ ಬಗ್ಗುವ ಬ್ಯಾಕ್ಟೀರಿಯಾ ಆದರೆ, ಒಂದೆರಡು ಮೈಕ್ರೋಗ್ರಾಂನಲ್ಲೇ ಕೆಲಸ ಮುಗಿಸುತ್ತವೆ.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬನ್ನಿ. ಒಂದು ಚಮಚ ಅರಿಶಿಣ ಪುಡಿ ಅಂದರೆ ಸುಮಾರು 3 ಗ್ರಾಂ. ಅದರಲ್ಲಿ ನೂರಕ್ಕೆ ಮೂರರಂತೆ ಕರ್ಕ್ಯುಮಿನ್ 90 ಮಿಲಿಗ್ರಾಂ. ಅದೂ ನೀರಲ್ಲಿ ಕರಗುವುದಿಲ್ಲ, ಎಣ್ಣೆ, ತುಪ್ಪ, ಆಲ್ಕೋಹಾಲಿನಲ್ಲಿ ಕರಗುತ್ತದೆ. ಲ್ಯಾಬಿನ ಸಾರಕ್ಕೂ ನಮ್ಮ ಡಬ್ಬಿಯ ಪುಡಿಗೂ ಇಲ್ಲಿಂದಲೇ ವ್ಯತ್ಯಾಸ ಶುರು. ಹೊಟ್ಟೆಗೆ ಹೋದದ್ದರಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. 2001ರಲ್ಲಿ ತೈವಾನಿನ ವೈದ್ಯರು ರೋಗಿಗಳಿಗೆ ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷೆ ಮಾಡಿದರು. ಅಷ್ಟು ಕರ್ಕ್ಯುಮಿನ್ ಪುಡಿಯಿಂದ ಬರಬೇಕಾದರೆ ದಿನಕ್ಕೆ ಕಾಲು ಕೆಜಿಗಿಂತ ಹೆಚ್ಚು ಅರಿಶಿಣ ತಿನ್ನಬೇಕು! ಅಷ್ಟು ಕೊಟ್ಟರೂ ರಕ್ತದಲ್ಲಿ ಸಿಕ್ಕ ಗರಿಷ್ಠ ಪ್ರಮಾಣ ಸರಾಸರಿ ಮಿಲಿಲೀಟರಿಗೆ 0.65 ಮೈಕ್ರೋಗ್ರಾಂ ಆಸುಪಾಸು. ಬೇಕಾದದ್ದು 125, ಇದ್ದದ್ದು ಮುಕ್ಕಾಲೂ ಇಲ್ಲ. ಸುಮಾರು ಇನ್ನೂರು ಪಟ್ಟು ಕೊರತೆ. ನಮ್ಮ ಬ್ಯಾಂಕಿನಲ್ಲಿ ಇಷ್ಟು ಕಡಿಮೆ ಬ್ಯಾಲೆನ್ಸ್ ಇಟ್ಟುಕೊಂಡು ಚೆಕ್ ಬರೆದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ನೀವು ಕೇಳಬಹುದು, ಕಾಕಾ ಅರಿಶಿಣ ನುಂಗಲಿಲ್ಲವಲ್ಲ, ಗಾಯಕ್ಕೇ ಹಚ್ಚಿದರಲ್ಲ ಅಂತ. ನ್ಯಾಯವಾದ ಪ್ರಶ್ನೆ. ಮೇಲೆ ಹಚ್ಚಿದರೆ ಅದೇ ಜಾಗದಲ್ಲಿ ಪ್ರಮಾಣ ಹೆಚ್ಚಿರುತ್ತದೆ, ಒಪ್ಪಿದೆ. ಸಣ್ಣ ತರಚು ಗಾಯಕ್ಕೆ ಅದು ಸಹಾಯ ಮಾಡಲೂಬಹುದು. ಆದರೆ ಸಣ್ಣ ಗಾಯ ಅರಿಶಿಣ ಹಚ್ಚದಿದ್ದರೂ ನಾಲ್ಕು ದಿನಕ್ಕೆ ವಾಸಿಯಾಗುತ್ತದೆ. ದೇಹ ಮಾಡಿದ ಕೆಲಸದ ಕ್ರೆಡಿಟ್ ಅರಿಶಿಣದ ಖಾತೆಗೆ ಜಮೆ ಆಗುತ್ತಿರುತ್ತದೆ. ನೂರು ಸಲ ಹಾಗೆ ಜಮೆಯಾದ ನಂಬಿಕೆಯನ್ನು ನೂರಾ ಒಂದನೇ ಸಲ, ಶುಗರಿನ ಕಾಲಿಗೆ, ನಾವು ಒಟ್ಟಿಗೆ ಡ್ರಾ ಮಾಡಲು ಹೋಗುತ್ತೇವೆ. ಅಲ್ಲಿ ಮುಳ್ಳು ಒಳಗೆ, ಬ್ಯಾಕ್ಟೀರಿಯಾ ಒಳಗೆ, ರಕ್ತದ ಓಡಾಟ ಕಡಿಮೆ, ಅರಿಶಿಣ ಮಾತ್ರ ಮೇಲೆ.

ಇನ್ನೂ ಒಂದು ತಮಾಷೆ ಇದೆ. ಬ್ಯಾಕ್ಟೀರಿಯಾ ಕೊಲ್ಲಲಿ ಅಂತ ಹಚ್ಚುವ ಪುಡಿಯಲ್ಲೇ ಬ್ಯಾಕ್ಟೀರಿಯಾ ಇರುತ್ತವೆ! ಅರಿಶಿಣವನ್ನು ಬೇಯಿಸುತ್ತಾರೆ ನಿಜ, ಆಮೇಲೆ ದಿನಗಟ್ಟಲೆ ಬಯಲಲ್ಲಿ ಒಣಹಾಕುತ್ತಾರೆ. ಸಾಂಗ್ಲಿ ಕಡೆ ಕಣದಲ್ಲಿ ಹರಡಿದ ಅರಿಶಿಣದ ಮೇಲೆ ನಾಯಿ, ಕೋಳಿ ಓಡಾಡಿದ್ದನ್ನು ನಾನೇ ನೋಡಿದ್ದೇನೆ. ಕೆಲವು ಬ್ಯಾಕ್ಟೀರಿಯಾಗಳು ಬೀಜದಂಥ ಕವಚದೊಳಗೆ ಕೂತು ಬೇಯಿಸಿದರೂ ಸಾಯದೆ ಉಳಿಯುತ್ತವಂತೆ. ಅದಕ್ಕೇ ಮಸಾಲೆ ಪದಾರ್ಥಗಳನ್ನು ವಿಕಿರಣ ಹಾಯಿಸಿ ಶುದ್ಧ ಮಾಡುವ ಘಟಕವನ್ನು ಅಣುಶಕ್ತಿ ಇಲಾಖೆಯವರು ಇಲ್ಲೇ ನಮ್ಮ ವಾಶಿಯಲ್ಲಿ 2000ದಲ್ಲಿ ಶುರು ಮಾಡಿದ್ದು. ಅಡುಗೆಗೆ ಹಾಕಿ ಕುದಿಸಿ ತಿನ್ನುವುದಕ್ಕೆ ಅಷ್ಟು ಹೆದರಬೇಕಿಲ್ಲ. ತೆರೆದ ಗಾಯಕ್ಕೆ, ಅದರಲ್ಲೂ ಈಗ ಹುಟ್ಟಿದ ಕೂಸಿನ ಹೊಕ್ಕುಳಿಗೆ, ಡಬ್ಬಿಯ ಪುಡಿ ಹಾಕುವಾಗ ಮಾತ್ರ ಎರಡು ಸಲ ಯೋಚಿಸಬೇಕು. ಹೊಕ್ಕುಳನ್ನು ಸ್ವಚ್ಛವಾಗಿ, ಒಣಗಿಸಿ ಇಡಿ ಅಂತ ಡಾಕ್ಟರುಗಳು ಹೇಳುವುದು ಸುಮ್ಮನೆ ಅಲ್ಲ.

ಮೇಲೆ ಕಲಬೆರಕೆ. ಬಣ್ಣ ಹೊಳೆಯಲಿ ಅಂತ ಸೀಸದ ಕ್ರೋಮೇಟ್ ಬೆರೆಸುವ ದಂಧೆ ಇದೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಸಂಶೋಧಕರು ಇದನ್ನು ಬಯಲಿಗೆಳೆದಾಗ ಪೇಟೆಯ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಇತ್ತು. ಸರ್ಕಾರ ದಾಳಿ ಮಾಡಿ, ದಂಡ ಹಾಕಿ, ಜನರಿಗೆ ತಿಳಿಹೇಳಿ 2021ರ ಹೊತ್ತಿಗೆ ಅದನ್ನು ಸೊನ್ನೆಗೆ ಇಳಿಸಿತು. ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಇದೇ ಉದಾಹರಣೆ. 2024ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ನಮ್ಮ ಪಟ್ನಾದ ಮಾದರಿಗಳಲ್ಲೂ ಸೀಸ ವಿಪರೀತ ಸಿಕ್ಕಿತ್ತು.

ಈಗ ಎಲ್ಲರೂ ಎತ್ತುವ ಪೇಟೆಂಟ್ ವಿಷಯ. ಗ್ರೂಪಿನಲ್ಲಿ ಯಾರಾದರೂ ಅರಿಶಿಣದ ಬಗ್ಗೆ ಅನುಮಾನ ಎತ್ತಿದರೆ ತಕ್ಷಣ ಉತ್ತರ ಬರುತ್ತದೆ, “ಅಮೆರಿಕದವರೇ ಪೇಟೆಂಟ್ ತಗೊಂಡಿದ್ದರು, ನಾವು ಕೇಸ್ ಗೆದ್ದೆವು, ಗೊತ್ತಿಲ್ಲವೇ?” ಗೊತ್ತಿದೆ. 1995ರ ಮಾರ್ಚ್‌ನಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಗಾಯ ವಾಸಿ ಮಾಡಲು ಅರಿಶಿಣ ಬಳಸುವ ಬಗ್ಗೆ ಪೇಟೆಂಟ್ ಸಿಕ್ಕಿತ್ತು. ಅದಕ್ಕೆ ಅರ್ಜಿ ಹಾಕಿದ ಇಬ್ಬರೂ ಭಾರತೀಯ ಮೂಲದವರೇ. ಮಾಶೇಲ್ಕರ್ ಮುಖ್ಯಸ್ಥರಾಗಿದ್ದಾಗ ಸಿಎಸ್‌ಐಆರ್ 1996ರಲ್ಲಿ ಅದನ್ನು ಪ್ರಶ್ನಿಸಿ, ಹಳೆಯ ಸಂಸ್ಕೃತ ಗ್ರಂಥದಿಂದ ಹಿಡಿದು 1953ರ ಭಾರತೀಯ ವೈದ್ಯಕೀಯ ಪತ್ರಿಕೆಯವರೆಗೆ 32 ದಾಖಲೆ ಒದಗಿಸಿತು. 1997ರ ಆಗಸ್ಟ್‌ನಲ್ಲಿ ಪೇಟೆಂಟ್ ರದ್ದಾಯಿತು. ಆ ದಿನ ನಮ್ಮ ಬ್ರಾಂಚಿನಲ್ಲಿ ಪೇಢೆ ಹಂಚಿದ್ದೆವು. ಇಂದಿಗೂ ಅದು ಹೆಮ್ಮೆಯ ವಿಷಯವೇ.

ಆದರೆ ಅಲ್ಲಿ ನಾವು ಸಾಬೀತು ಮಾಡಿದ್ದೇನು? ಇದು ಹೊಸದಲ್ಲ, ನಮ್ಮಲ್ಲಿ ಹಿಂದಿನಿಂದಲೂ ಇದೆ ಅಂತ. ಅಷ್ಟೇ. ಅರಿಶಿಣ ಎಷ್ಟು ಗಾಯ ವಾಸಿ ಮಾಡುತ್ತದೆ, ಯಾರಿಗೆ ಮಾಡುತ್ತದೆ, ಯಾರಿಗೆ ಮಾಡುವುದಿಲ್ಲ ಅನ್ನುವ ವಿಚಾರಣೆ ಅಲ್ಲಿ ನಡೆಯಲೇ ಇಲ್ಲ. ಮನೆ ಸಾಲಕ್ಕೆ ಬಂದವರ ಹತ್ತಿರ ನಾವು ಎರಡು ಕಾಗದ ಕೇಳುತ್ತೇವೆ. ಒಂದು ವಕೀಲರ ಟೈಟಲ್ ರಿಪೋರ್ಟು, ಆಸ್ತಿ ಇವರದ್ದೇ ಅಂತ. ಇನ್ನೊಂದು ವ್ಯಾಲ್ಯುವರ್ ರಿಪೋರ್ಟು, ಆಸ್ತಿ ಇಷ್ಟು ಬಾಳುತ್ತದೆ ಅಂತ. ಟೈಟಲ್ ಕ್ಲಿಯರ್ ಇದೆ ಅಂದ ಮಾತ್ರಕ್ಕೆ ಹತ್ತು ಲಕ್ಷದ ಮನೆಗೆ ಕೋಟಿ ಸಾಲ ಕೊಟ್ಟರೆ ನನ್ನ ಕೆಲಸ ಹೋಗುತ್ತದೆ. ಅರಿಶಿಣದ ವಿಷಯದಲ್ಲಿ ನಾವೆಲ್ಲ ಮಾಡಿದ್ದು ಅದೇ. 1997ರಲ್ಲಿ ಟೈಟಲ್ ಕ್ಲಿಯರ್ ಆಯಿತು, ಅದನ್ನೇ ವ್ಯಾಲ್ಯುಯೇಷನ್ ಅಂದುಕೊಂಡೆವು.

ವ್ಯಾಲ್ಯುಯೇಷನ್ ಮಾಡಿದವರು ಇಲ್ಲವೇ? ಇದ್ದಾರೆ. 2017ರಲ್ಲಿ ಔಷಧ ರಸಾಯನಶಾಸ್ತ್ರದ ಒಂದು ದೊಡ್ಡ ಪತ್ರಿಕೆಯಲ್ಲಿ ಅಮೆರಿಕದ ಕೆಲವು ವಿಜ್ಞಾನಿಗಳು ಕರ್ಕ್ಯುಮಿನ್ನಿನ ಇಡೀ ಲೆಡ್ಜರ್ ತೆಗೆದು ನೋಡಿದರು. ಮನುಷ್ಯರ ಮೇಲೆ 120ಕ್ಕೂ ಹೆಚ್ಚು ಪ್ರಯೋಗ ನಡೆದಿದ್ದರೂ, ಕೊಡುವವರಿಗೂ ತಗೊಳ್ಳುವವರಿಗೂ ಯಾವುದು ಔಷಧ ಯಾವುದು ಬರೀ ಪುಡಿ ಅಂತ ಗೊತ್ತಿಲ್ಲದ ಹಾಗೆ ಮಾಡಿದ ಕಟ್ಟುನಿಟ್ಟಾದ ಪ್ರಯೋಗಗಳಲ್ಲಿ ಅದು ಒಂದರಲ್ಲೂ ಗೆದ್ದಿಲ್ಲ ಅಂದರು. ಕರ್ಕ್ಯುಮಿನ್ ಸಿಕ್ಕಸಿಕ್ಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ತಾನೇ ಹೊಳೆಯುತ್ತದೆ, ಹಾಗಾಗಿ ಲ್ಯಾಬಿನ ಕೆಲವು ಪರೀಕ್ಷೆಗಳಿಗೇ ಮೋಸ ಮಾಡುತ್ತದೆ ಅಂತಲೂ ಬರೆದರು. ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಬಾಯಿ ಮುಕ್ಕಳಿಸುವ ದ್ರವದಂಥ, ಮೇಲೆ ಮೇಲೆ ಬಳಸುವ ಕಡೆ ಒಳ್ಳೆಯ ಫಲ ಕಂಡ ಸಣ್ಣ ಪ್ರಯೋಗಗಳೂ ಇವೆ. ಹಳೆಯ ಆ್ಯಂಟಿಬಯೋಟಿಕ್ ಜೊತೆ ಸೇರಿಸಿದರೆ ಅದರ ಬಲ ಹೆಚ್ಚುತ್ತದೆ ಅಂತ ಲ್ಯಾಬಿನಲ್ಲಿ ಕಂಡವರಿದ್ದಾರೆ, ನೀಲಿ ಬೆಳಕು ಬಿಟ್ಟರೆ ಬ್ಯಾಕ್ಟೀರಿಯಾ ಬೇಗ ಸಾಯುತ್ತವೆ ಅಂತ ತೋರಿಸಿದವರಿದ್ದಾರೆ. ಬಾಗಿಲು ಮುಚ್ಚಿಲ್ಲ. ಆದರೆ ಸಾಲ ಇನ್ನೂ ಮಂಜೂರಾಗಿಲ್ಲ, ಅರ್ಜಿ ಪರಿಶೀಲನೆಯಲ್ಲಿದೆ.

ಪರಿಶೀಲನೆಯಲ್ಲಿರುವಾಗಲೇ ಕಂಪನಿಗಳು ಹಣ ಎಣಿಸುತ್ತಿವೆ, ಅದು ಬೇರೆ ಮಾತು. ನಮ್ಮ ಆಫೀಸಿನಲ್ಲಿ ನಾಲ್ಕೈದು ಜನ ದಿನಾ ಕರ್ಕ್ಯುಮಿನ್ ಕ್ಯಾಪ್ಸೂಲ್ ನುಂಗುತ್ತಾರೆ, ಕಾಳುಮೆಣಸಿನ ಸಾರ ಸೇರಿಸಿದ್ದು. ಈ ಮೆಣಸಿನ ಉಪಾಯಕ್ಕೂ ನಮ್ಮ ಬೆಂಗಳೂರಿಗೂ ಸಂಬಂಧ ಇದೆ. 1998ರಲ್ಲಿ ಅಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟರೆ ರಕ್ತಕ್ಕೆ ಸೇರುವ ಪ್ರಮಾಣ ಶೇಕಡಾ 2000ದಷ್ಟು ಹೆಚ್ಚುತ್ತದೆ ಅಂತ ತೋರಿಸಿದರು. 2000 ಅಂದರೆ ದೊಡ್ಡದಾಗಿ ಕೇಳಿಸುತ್ತದೆ. ಮೊದಲೇ ಹೆಚ್ಚುಕಡಿಮೆ ಸೊನ್ನೆ ಇದ್ದದ್ದು ಇಪ್ಪತ್ತು ಪಟ್ಟಾದರೆ ಎಷ್ಟಾದೀತು, ನೀವೇ ಗುಣಿಸಿ ನೋಡಿ. ಬ್ಯಾಕ್ಟೀರಿಯಾಕ್ಕೆ ಅದು ಸಾಲದು, ಆದರೆ ಕೆಲವರ ಲಿವರಿಗೆ ಅದೇ ಹೆಚ್ಚಾಗಬಹುದು. 2022ರಲ್ಲಿ ಅಮೆರಿಕದ ವೈದ್ಯರು ಅರಿಶಿಣದ ಮಾತ್ರೆ, ಕ್ಯಾಪ್ಸೂಲುಗಳಿಂದ ಲಿವರ್ ಕೆಟ್ಟ ಹತ್ತು ಜನರ ವಿವರ ಪ್ರಕಟಿಸಿದರು. ಅವರಲ್ಲಿ ಒಬ್ಬರು ತೀರಿಕೊಂಡಿದ್ದರು. 2023ರಲ್ಲಿ ಆಸ್ಟ್ರೇಲಿಯಾದ ಔಷಧ ನಿಯಂತ್ರಕರೂ ಎಚ್ಚರಿಕೆ ಕೊಟ್ಟರು, ಅಡುಗೆಯಲ್ಲಿ ಬಳಸುವಷ್ಟಕ್ಕೆ ಭಯವಿಲ್ಲ ಅಂತಲೂ ಹೇಳಿದರು. ಇಂಥವರು ಬಹಳ ಕಡಿಮೆ, ಒಪ್ಪಿದೆ. ಆದರೆ ‘ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ’ ಅನ್ನುವ ಮಾತಂತೂ ಬಿದ್ದುಹೋಯಿತಲ್ಲ.

ಹಾಗಾದರೆ ಅರಿಶಿಣ ಬಿಡಬೇಕೇ? ಛೇ, ಬಿಡುವ ಮಾತೇ ಇಲ್ಲ. ನಮ್ಮ ಮನೆಯಲ್ಲಿ ಇಂದಿಗೂ ಸಾರಿಗೆ ಅರಿಶಿಣ, ಶೀತಕ್ಕೆ ಅರಿಶಿಣ ಹಾಲು, ಹಬ್ಬಕ್ಕೆ ಹೊಸ್ತಿಲಿಗೆ ಅರಿಶಿಣ. ಪ್ರಪಂಚದ ಅರಿಶಿಣದಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಬೆಳೆಯುವವರು ನಾವು. ಅದರ ಬೆಲೆ ಏರಿದರೆ ಸಾಂಗ್ಲಿಯ, ಈರೋಡಿನ, ನಿಜಾಮಾಬಾದಿನ ರೈತನಿಗೆ ಒಳ್ಳೆಯದು. ನಮ್ಮ ಚಾಮರಾಜನಗರದ ರೈತನಿಗೂ ಒಳ್ಳೆಯದು. 2025ರ ಜನವರಿಯಲ್ಲಿ ನಿಜಾಮಾಬಾದಿನಲ್ಲಿ ರಾಷ್ಟ್ರೀಯ ಅರಿಶಿಣ ಮಂಡಳಿ ಶುರುವಾಗಿದೆ. ನನ್ನ ಆಸೆ ಒಂದೇ. ಆ ಮಂಡಳಿ ಬರೀ ರಫ್ತಿನ ಲೆಕ್ಕ ಇಡದೆ, ನಮ್ಮದೇ ಆಸ್ಪತ್ರೆಗಳಲ್ಲಿ, ನಮ್ಮದೇ ಜನರ ಮೇಲೆ, ಯಾವ ಸಾರ, ಎಷ್ಟು ಪ್ರಮಾಣ, ಯಾವ ಗಾಯಕ್ಕೆ ಅಂತ ಕಟ್ಟುನಿಟ್ಟಾದ ಪ್ರಯೋಗ ಮಾಡಿಸಲಿ. ಫಲಿತಾಂಶ ಒಳ್ಳೆಯದೇ ಬರಲಿ, ಕೆಟ್ಟದ್ದೇ ಬರಲಿ, ಪ್ರಕಟಿಸಲಿ. ಸೋಲುವ ಭಯದಿಂದ ಪರೀಕ್ಷೆಗೇ ಕೂರಿಸದ ಮಗುವನ್ನು ಜಾಣ ಅಂತ ಎಷ್ಟು ದಿನ ಹೊಗಳುವುದು?

ಇದರ ಅಗತ್ಯವೂ ಇದೆ. ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ‘ಲ್ಯಾನ್ಸೆಟ್’ ಪತ್ರಿಕೆಯ ಲೆಕ್ಕ. ನೆಗಡಿಗೂ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ಎರಡು ದಿನ ನುಂಗಿ ಬಿಡುವ ನಾವೂ ಅದಕ್ಕೆ ಹೊಣೆ. ಹೊಸ ಔಷಧ ಬೇಕಾಗಿದೆ. ಅದು ಅರಿಶಿಣದಿಂದಲೇ ಬಂದರೆ ನನಗಿಂತ ಖುಷಿಪಡುವವರು ಯಾರು? ಆದರೆ ಬರುವ ಮೊದಲೇ ಬಂದಿದೆ ಅಂತ ಹತ್ತು ಜನಕ್ಕೆ ಫಾರ್ವರ್ಡ್ ಮಾಡುವುದು ಬೇಡ.

2023ರ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಶುಗರ್ ಇರುವವರು 10.1 ಕೋಟಿ. ಅಂದರೆ ನೀವು ಫಾರ್ವರ್ಡ್ ಮಾಡುವ ಹತ್ತು ಜನರಲ್ಲಿ ಒಬ್ಬರಾದರೂ ಶುಗರಿನವರು ಇರುವ ಸಾಧ್ಯತೆಯೇ ಹೆಚ್ಚು. ಅವರಿಗೆ ಹೇಳಬೇಕಾದ್ದು ಬೇರೆ. ದಿನಾ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ. ಬರಿಗಾಲಲ್ಲಿ ಓಡಾಡಬೇಡಿ. ಗಾಯವಾದರೆ ಶುದ್ಧ ನೀರಲ್ಲಿ ತೊಳೆದು, ಏನನ್ನೂ ಮೆತ್ತದೆ, ಸ್ವಚ್ಛ ಬಟ್ಟೆ ಕಟ್ಟಿ, ಅದೇ ದಿನ ಇಲ್ಲವೇ ಮರುದಿನ ಡಾಕ್ಟರಿಗೆ ತೋರಿಸಿ. ನೋವಿಲ್ಲ ಅಂತ ಸುಮ್ಮನಿರಬೇಡಿ, ನೋವಿಲ್ಲದಿರುವುದೇ ಅಪಾಯ. ಅರಿಶಿಣವನ್ನು ಸಾರಿಗೆ ಹಾಕಿಕೊಳ್ಳಿ.

ಆ ಭಾನುವಾರ ನಾನು ಇಷ್ಟನ್ನೇ ಚಿಕ್ಕದಾಗಿ ಗ್ರೂಪಿನಲ್ಲಿ ಬರೆದೆ. ಕೊನೆಗೆ, 2016ರಲ್ಲಿ ಕಾಕಾಗೆ ಅರಿಶಿಣ ಹಚ್ಚಿ ಅಂತ ಹೇಳಿದವನು ನಾನೇ ಅಂತಲೂ ಬರೆದೆ. ಕಳಿಸುವ ಬಟನ್ ಒತ್ತುವಾಗ ಕೈ ನಡುಗಿತು. ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಕಾಕಾನ ಫೋನು.

“ಏನಪಾ ತಮ್ಮಾ, ಅದೇನ ಅಷ್ಟುದ್ದ ಬರದೀ?”

“ಕಾಕಾ, ಆ ಮೆಸೇಜ್ ನೀವ್ ಯಾಕ ಕಳಿಸಿದ್ರಿ? ನಿಮ್ಮ ಕಾಲ...”

“ಏ, ನಾ ಅದನ್ನ ಓದೇ ಇಲ್ಲೋ. ಅರಿಷಿಣದ ಚಿತ್ರ ಛಲೋ ಇತ್ತು, ಕಳಿಸಿಬಿಟ್ಟೆ.”

ಇಬ್ಬರೂ ನಕ್ಕೆವು. ನಾನು ಸ್ವಲ್ಪ ಧೈರ್ಯ ಮಾಡಿ, ಅವತ್ತು ನಾನು ಹಾಗೆ ಹೇಳಬಾರದಿತ್ತು ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

“ನೀ ಹೇಳಿದಿ ಅಂತ ಏನ ಹಚ್ಚಿರಲಿಲ್ಲಪಾ. ನೀ ಹೇಳದಿದ್ರೂ ನಿಮ್ಮ ಕಾಕೂ ಹಚ್ತಿದ್ಲು. ಅದರ ಚಿಂತಿ ಬಿಡು,” ಅಂದರು. ಮತ್ತೆ ತಡೆದು, “ಆದ್ರ ನೀ ಅವತ್ತ ದವಾಖಾನಿಗೆ ಹೋಗ್ರಿ ಅಂದಿದ್ರ, ಹೋಗ್ತಿದ್ದೆ ನೋಡು. ನಿನ್ನ ಮಾತ ನಾ ಯಾವತ್ತ ಮೀರೀನಿ?” ಅಂದರು.